ಬ್ರೇಕಿನ ತಿರುಪು ಮತ್ತು ಓದಿದವರ ಕೈ



ಈ ಸಲದ ವಿಷಯ ತೀರ ಚಿಕ್ಕದು, ಹೆಬ್ಬೆರಳಿನ ಉಗುರಿನಷ್ಟು. ಸೈಕಲ್ಲಿನ ಬ್ರೇಕ್ ವೈರು ಹಿಡಿಕೆಯನ್ನೋ ಬ್ರೇಕಿನ ಕೈಯನ್ನೋ ಸೇರುವೆಡೆಯಲ್ಲಿ ಟೊಳ್ಳಾದ ಒಂದು ತಿರುಪು ಇರುತ್ತದೆ. ಅದರ ಕೊರಳಿಗೆ ಒಂದು ಸಣ್ಣ ನಟ್ಟು. ಅಂಗಡಿಯವರು ಇದನ್ನು ಅಡ್ಜಸ್ಟರ್ ಎನ್ನುತ್ತಾರೆ. ಪೂರ್ಣ ಹೆಸರು ಬ್ಯಾರಲ್ ಅಡ್ಜಸ್ಟರ್. ಸಡಿಲವಾದ ಬ್ರೇಕನ್ನು ಪಾನಾ ಇಲ್ಲದೆ, ಬರಿಗೈಯಿಂದ, ಅರ್ಧ ನಿಮಿಷದಲ್ಲಿ ಬಿಗಿ ಮಾಡುವುದಕ್ಕೆಂದೇ ಅದನ್ನು ಅಲ್ಲಿ ಇಟ್ಟಿದ್ದಾರೆ. ಹದಿಮೂರು ವರ್ಷದ ಮಗುವಿನ ಬೆರಳಿಗೆ ಸಾಧ್ಯವಾಗುವ ಕೆಲಸವದು. ಆದರೂ ಕೆಂಭಾವಿಯ ಯಾವುದೇ ಶಾಲೆಯ ಮುಂದೆ ನಿಂತಿರುವ ಸೈಕಲ್ಲುಗಳನ್ನು ನೋಡಿರಿ. ತಿರುಪು ಒಂದೋ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಇಲ್ಲವೇ ತಂದ ದಿನ ಇದ್ದಲ್ಲಿಯೇ ಇರುತ್ತದೆ. ಯಾರ ಬೆರಳೂ ಅದನ್ನು ಮುಟ್ಟಿಲ್ಲ. ಇದು ಮಕ್ಕಳ ಸೋಮಾರಿತನವೆಂದು ನಾನು ಒಪ್ಪುವುದಿಲ್ಲ. ಓದುವ ಮಗುವಿಗೆ ಇದು ತಕ್ಕ ಕೆಲಸವಲ್ಲವೆಂದು ಮನೆಯೂ ಶಾಲೆಯೂ ಕೂಡಿ ತೀರ್ಮಾನಿಸಿವೆ. ನನ್ನ ಜಗಳವಿರುವುದು ಆ ತೀರ್ಮಾನದೊಂದಿಗೆ.

ಮೊದಲು ತಿರುಪಿನ ಮರ್ಮವನ್ನು ತಿಳಿಯೋಣ. ಬ್ರೇಕಿನ ವೈರಿನಲ್ಲಿ ಎರಡು ಭಾಗಗಳಿವೆ: ಒಳಗೆ ಎಳೆಯುವ ಉಕ್ಕಿನ ತಂತಿ, ಹೊರಗೆ ಅದನ್ನು ಹೊದ್ದ ಸುರುಳಿ ಕವಚ. ಅರ್ನೆಸ್ಟ್ ಬೌಡನ್ ಎಂಬವರು 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಈ ರಚನೆಗೆ ಇಂದಿಗೂ ಬೌಡನ್ ಕೇಬಲ್ ಎಂದೇ ಹೆಸರು. ಕವಚದ ತುದಿ ಬಂದು ಕೂರುವುದು ನಮ್ಮ ಟೊಳ್ಳು ತಿರುಪಿನ ಮೇಲೆ. ಒಳತಂತಿ ಅದರ ಟೊಳ್ಳಿನಲ್ಲಿ ಹಾದುಹೋಗುತ್ತದೆ. ತಿರುಪನ್ನು ಹೊರಕ್ಕೆ ತಿರುಗಿಸಿದಾಗ ಅದು ಕವಚವನ್ನು ದೂಡುತ್ತದೆ, ತಂತಿ ಸಾಗಬೇಕಾದ ದಾರಿ ಉದ್ದವಾಗುತ್ತದೆ. ತಂತಿಯ ಅಳತೆ ಮಾತ್ರ ಮೊದಲಿನಷ್ಟೇ ಇರುವುದರಿಂದ ಅದು ಬಿಗಿಯುತ್ತದೆ; ಬ್ರೇಕ್ ರಬ್ಬರು ಗಾಲಿಯ ರಿಮ್ಮಿನ ಸಮೀಪಕ್ಕೆ ಬರುತ್ತದೆ. ಅಂದರೆ ತಿರುಪನ್ನು ಬಿಚ್ಚಿದರೆ ಬ್ರೇಕು ಬಿಗಿಯುತ್ತದೆ, ತಿರುಪನ್ನು ಬಿಗಿದರೆ ಬ್ರೇಕು ಸಡಿಲವಾಗುತ್ತದೆ. ಹೇಳಿಕೊಡುವವರಿಲ್ಲದ ಮಗು ಇದನ್ನು ತಿರುಗುಮುರುಗಾಗಿ ತಿಳಿಯುವುದು ಸಹಜ. ತಿರುಪನ್ನು ಗಟ್ಟಿಯಾಗಿ ಒಳಕ್ಕೆ ತಿರುಗಿಸಿ ಇದ್ದ ಬ್ರೇಕನ್ನೂ ಕಳೆದುಕೊಂಡು, ಈ ಯಂತ್ರದ ವಿದ್ಯೆ ನಮ್ಮದಲ್ಲವೆಂದು ಅದು ಕೈಬಿಡುತ್ತದೆ. ಒಂದು ವಾಕ್ಯದಲ್ಲಿ ತಿಳಿಸಬಹುದಾದುದನ್ನು ತಿಳಿಸದೆ ಒಂದು ಮಗುವಿನ ಆತ್ಮವಿಶ್ವಾಸವನ್ನು ಕಸಿಯುವುದು ಸಣ್ಣ ಅಪರಾಧವೇ?

ಕ್ರಮವೂ ಸರಳವಾದದ್ದೇ. ಹೊಸ ವೈರು ಹಾಕುವಾಗ ತಿರುಪನ್ನು ಪೂರ್ತಿ ಒಳಕ್ಕೆ ಕೂರಿಸಿ ಒಂದೆರಡು ಸುತ್ತು ಮಾತ್ರ ಹೊರಕ್ಕೆ ಬಿಡಬೇಕು. ಕವಚದ ತುದಿಯನ್ನು ಓರೆಯಾಗದಂತೆ ನೇರವಾಗಿ ಕತ್ತರಿಸಿರಬೇಕು, ಅದು ತಿರುಪಿನ ಕುಳಿಯಲ್ಲಿ ಸಮನಾಗಿ ಕೂರಬೇಕು. ತಂತಿಯನ್ನು ಎಳೆದು ಬ್ರೇಕಿನ ಕಡೆಯ ಬೋಲ್ಟಿನಲ್ಲಿ ಬಿಗಿದ ಮೇಲೆ ಹಿಡಿಕೆಯನ್ನು ಬಲವಾಗಿ ಹತ್ತು ಸಲ ಅದುಮಬೇಕು. ಆಗ ಕವಚ ತನ್ನ ಸ್ಥಾನದಲ್ಲಿ ನೆಲೆಯೂರಿ ತಂತಿ ಸ್ವಲ್ಪ ಸಡಿಲವಾಗುತ್ತದೆ. ಅದನ್ನು ಮತ್ತೆ ಎಳೆದು ಬಿಗಿಯಬೇಕು. ಮುಂದೆ ರಬ್ಬರು ಸವೆದಂತೆ ತಿರುಪನ್ನು ಅರ್ಧ ಸುತ್ತು, ಒಂದು ಸುತ್ತು ಹೊರಕ್ಕೆ ತರುತ್ತಾ ಹೋಗುವುದು. ರಬ್ಬರಿಗೂ ರಿಮ್ಮಿಗೂ ನಡುವೆ ಸುಮಾರು 2 ಮಿ.ಮೀ. ಅಂತರವಿದ್ದರೆ ಸಾಕು. ಕಡೆಯಲ್ಲಿ ಕೊರಳ ನಟ್ಟನ್ನು ಆಧಾರಕ್ಕೆ ತಾಗುವಂತೆ ಬಿಗಿಯಲೇಬೇಕು, ಇಲ್ಲವಾದರೆ ರಸ್ತೆಯ ಕುಲುಕಾಟಕ್ಕೆ ತಿರುಪು ತಾನಾಗಿಯೇ ಸರಿಯುತ್ತದೆ. ತಿರುಪು ಅರ್ಧಕ್ಕಿಂತ ಹೆಚ್ಚು ಹೊರಬಂದಿತೆಂದರೆ ಅದನ್ನು ಪುನಃ ಒಳಕ್ಕೆ ಕಳಿಸಿ ತಂತಿಯನ್ನು ಬೋಲ್ಟಿನಲ್ಲಿ ಎಳೆದುಕೊಳ್ಳಬೇಕು. ನಾಲ್ಕೇ ಸುತ್ತಿನ ಆಧಾರದ ಮೇಲೆ ನಿಂತ ತಿರುಪು ಬ್ರೇಕನ್ನು ಜೋರಾಗಿ ಹಿಡಿದ ಕ್ಷಣದಲ್ಲಿಯೇ ಕಿತ್ತುಬರಬಹುದು. ಕೆಲವು ತಿರುಪು, ನಟ್ಟು, ಹಿಡಿಕೆಗಳಲ್ಲಿ ಒಂದು ಸೀಳು ಇರುತ್ತದೆ. ಅದು ತಂತಿಯನ್ನು ಹೊರತೆಗೆಯುವ ದಾರಿ. ಸೈಕಲ್ ಓಡಿಸುವಾಗ ಆ ಸೀಳುಗಳು ಒಂದೇ ಸಾಲಿನಲ್ಲಿ ನಿಲ್ಲಕೂಡದು.

ನಮ್ಮ ಸೀಮೆಯ ಎರೆಮಣ್ಣಿನ ಮಾತನ್ನೂ ಇಲ್ಲಿ ಹೇಳಬೇಕು. ಬೇಸಿಗೆಯಲ್ಲಿ ಅದು ಹಿಟ್ಟಿನಂತಹ ಧೂಳಾಗಿ ತಿರುಪಿನ ಸುತ್ತುಗಳ ನಡುವೆ ಸೇರುತ್ತದೆ. ಮಳೆಗಾಲದಲ್ಲಿ ಅಂಟಾಗಿ ಮೆತ್ತಿಕೊಳ್ಳುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಬಟ್ಟೆಯಿಂದ ಒರೆಸಿ, ತಿರುಪನ್ನು ಒಂದು ಸುತ್ತು ಅತ್ತ ಇತ್ತ ಆಡಿಸಿ, ಒಂದು ಹನಿ ಎಣ್ಣೆ ಬಿಡಬೇಕು. ಎಣ್ಣೆ ರಿಮ್ಮಿಗಾಗಲಿ ಬ್ರೇಕ್ ರಬ್ಬರಿಗಾಗಲಿ ತಾಗಬಾರದು. ಕಚ್ಚಿಕೊಂಡ ತಿರುಪನ್ನು ಇಕ್ಕಳದಿಂದ ತಿರುಚಿ ಮುರಿಯುವ ಬದಲು, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು ಜಾಣತನ.

ಈಗ ಇದರಲ್ಲೇನಿದೆ ದೊಡ್ಡಸ್ತಿಕೆ ಎಂದು ಕೇಳುವವರಿಗೆ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಅದೇ ಕಾಲದಲ್ಲಿ, 2006ರಲ್ಲಿ, ಬಿಹಾರವೂ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ತೊಡಗಿತು. ಬಿಹಾರದ ಯೋಜನೆಯನ್ನು ಅಧ್ಯಯನ ಮಾಡಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಅವರು 2017ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ತಕ್ಕ ವಯಸ್ಸಿನಲ್ಲಿ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ ಶೇಕಡ 32ರಷ್ಟು ಹೆಚ್ಚಿತು. ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡ 40ರಷ್ಟು ತಗ್ಗಿತು. ಒಂದು ಸೈಕಲ್ಲಿಗೆ ಇರುವ ಶಕ್ತಿ ಇಷ್ಟು! ಆದರೆ ಶಾಲೆಗೆ ಕರೆತರುವುದು ಓಡುವ ಸೈಕಲ್ಲು, ನಿಲ್ಲಬಲ್ಲ ಸೈಕಲ್ಲು. ಮೂಲೆಯಲ್ಲಿ ಒರಗಿದ ಸೈಕಲ್ಲಲ್ಲ. ಯಾಳಗಿಯಿಂದಲೋ ಮಲ್ಲಾದಿಂದಲೋ ಕೆಂಭಾವಿಗೆ ಬರುವ ಒಬ್ಬ ಹುಡುಗಿಯನ್ನು ನೆನೆಯಿರಿ. ಬ್ರೇಕು ಹಿಡಿಯುತ್ತಿಲ್ಲ. ತಂದೆ ಹೊಲದಲ್ಲಿದ್ದಾನೆ, ಇಲ್ಲವೇ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ. ಗಂಡಸರೇ ತುಂಬಿರುವ ಬಜಾರಿನ ಸೈಕಲ್ ಅಂಗಡಿಗೆ ಒಬ್ಬಳೇ ಹೋಗಿ ನಿಲ್ಲಲು ಸಂಕೋಚ. ಹೀಗೆ ಎರಡು ದಿನ, ನಾಲ್ಕು ದಿನ ಕಳೆಯುತ್ತವೆ. ಅಷ್ಟರಲ್ಲಿ ಮನೆಯವರಿಗೆ, ಸೈಕಲ್ಲಿಲ್ಲ, ಇನ್ನು ಶಾಲೆಗೇಕೆ ಎನ್ನಲು ಒಂದು ನೆವ ದೊರೆತಿರುತ್ತದೆ. ಅವಳ ಓದಿಗೂ ರಸ್ತೆಗೂ ನಡುವೆ ನಿಂತದ್ದು ಎರಡು ಸುತ್ತಿನ ತಿರುಪು.

ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ, ಸಂಜೆ ಗಂಟೆಯಾದೊಡನೆ ಚಪ್ಪಲಿಯನ್ನು ನೆಲಕ್ಕೆ ಉಜ್ಜುತ್ತಾ ಸೈಕಲ್ ನಿಲ್ಲಿಸುವ ಹುಡುಗರನ್ನು ದಿನವೂ ಕಂಡಿದ್ದೇನೆ. ಅದನ್ನು ಅವರು ಶೌರ್ಯವೆಂದು ತಿಳಿದಿದ್ದರು. ಎದುರಿನಿಂದ ಹತ್ತಿ ಹೇರಿದ ಲಾರಿ ಬರುವಾಗ ಚಪ್ಪಲಿಯ ಶೌರ್ಯ ಎಷ್ಟು ದೂರದವರೆಗೆ ಕಾಯುತ್ತದೆ?

ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, ಶಾಲೆಗೆ ಇದಕ್ಕೆಲ್ಲ ವೇಳೆಯಿಲ್ಲ ಎಂಬುದು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ನಮ್ಮ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆಯದಾಯಿತು. ಅಂಕ ತರಿಸುವುದು ಬಿಟ್ಟು ತಿರುಪು ತಿರುಗಿಸುವುದೇ ಎನ್ನುತ್ತಾರೆ. ಸ್ವಾಮಿ, ತರಗತಿಗೆ ಬಾರದ ಮಗುವಿಗೆ ಯಾವ ಗೈಡು ಅಂಕ ತಂದುಕೊಡುತ್ತದೆ? ಅಲ್ಲದೆ ಇದು ಪಾಠವೇ ಅಲ್ಲವೆಂದವರಾರು? ತಿರುಪು ಎಂದರೆ ಸುತ್ತಿ ಇಟ್ಟ ಇಳಿಜಾರು, ಬ್ರೇಕಿನ ಹಿಡಿಕೆ ಎಂದರೆ ಸನ್ನೆ, ರಬ್ಬರು ರಿಮ್ಮಿಗೆ ಒತ್ತುವುದು ಘರ್ಷಣೆ. ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳುವುದನ್ನೇ ಶಾಲೆಯ ಅಂಗಳದಲ್ಲಿ ಕೈಗೆ ಕೊಟ್ಟು ಹೇಳಬಹುದು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೇಳಿದ್ದು ಇಂತಹ ಶಿಕ್ಷಣವನ್ನೇ. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಇದಕ್ಕೆ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಉದ್ದನೆಯ ಹೆಸರನ್ನು ಕೊಟ್ಟಿತು. ಆ ಹೆಸರಿನ ಅವಧಿ ಎಷ್ಟೋ ಕಡೆ ಉಳಿದದ್ದು ವೇಳಾಪಟ್ಟಿಯ ಕಾಗದದಲ್ಲಿ ಮಾತ್ರ.

ಎರಡನೆಯದು, ಸೈಕಲ್ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬುದು. ಅಂಗಡಿಯವನ ಮೇಲೆ ನನಗೆ ಇವರಿಗಿಂತ ಹೆಚ್ಚಿನ ಗೌರವವಿದೆ. ತಿರುಪಿಗೂ ಒಂದು ಮಿತಿಯಿದೆ. ಎಳೆ ಕಿತ್ತ ತಂತಿ, ಸವೆದು ಮುಗಿದ ರಬ್ಬರು, ವಕ್ರವಾದ ರಿಮ್ಮು, ಒಂದು ಬದಿಗೆ ವಾಲಿದ ಬ್ರೇಕು, ಇವಾವುದನ್ನೂ ತಿರುಪು ಸರಿಮಾಡದು. ಅದಕ್ಕೆ ಅವನ ಕೈಯೇ ಬೇಕು. ತನ್ನ ಮಿತಿಯವರೆಗೆ ತಾನು ಮಾಡಿಕೊಂಡು, ಅದರಾಚೆಯದನ್ನು ಬಲ್ಲವನ ಬಳಿಗೆ ಒಯ್ಯುವ ಗಿರಾಕಿಯನ್ನು ಯಾವ ಕುಶಲಕರ್ಮಿ ಬೇಡವೆನ್ನುತ್ತಾನೆ?

ಮೂರನೆಯದು, ಇನ್ನು ಸೈಕಲ್ಲಿನ ಕಾಲ ಮುಗಿಯಿತು ಎಂಬುದು. 2020ರಲ್ಲಿ ಕೋವಿಡ್ ಬಂದಾಗ ಸರ್ಕಾರದ ಸೈಕಲ್ ವಿತರಣೆ ನಿಂತದ್ದು ನಿಜ. ಅದು ಮಕ್ಕಳ ಕೈಯಲ್ಲಿರುವ ಹಳೆಯ ಸೈಕಲ್ಲನ್ನು ಇನ್ನಷ್ಟು ಜೋಪಾನ ಮಾಡಬೇಕೆನ್ನುವುದಕ್ಕೆ ಕಾರಣವೇ ಹೊರತು ಕೈಬಿಡುವುದಕ್ಕಲ್ಲ. ನಿಮ್ಮಲ್ಲಿ ಅನೇಕರು ಓಡಿಸುವ ಮೋಟಾರ್ ಸೈಕಲ್ಲಿನ ಕ್ಲಚ್ ವೈರನ್ನು ನೋಡಿರಿ. ಅಲ್ಲಿಯೂ ಇದೇ ತಿರುಪು, ಇದೇ ನಟ್ಟು ಇದೆ. ಬೆಂಗಳೂರು, ಪುಣೆ, ಪರದೇಶಗಳಲ್ಲಿ ಗೇರಿನ ಸೈಕಲ್ ತುಳಿಯುವವರಿಗೂ ಒಂದು ಮಾತು. ಕೆಲವು ಸೈಕಲ್ಲುಗಳ ಫ್ರೇಮಿನ ಇಳಿಗೊಳವೆಗೇ ಗೇರಿನ ವೈರಿನ ತಿರುಪುಗಳನ್ನು ಕೂರಿಸಿರುತ್ತಾರೆ, ಸಾಮಾನ್ಯವಾಗಿ 5 ಮಿ.ಮೀ. ವ್ಯಾಸದವು. ಅವನ್ನು ಕೂರಿಸುವಾಗ ಸ್ವಲ್ಪ ಗ್ರೀಸು ಸವರಿ, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿರಿ. ಓರೆಯಾಗಿ ಹೊಕ್ಕರೆ ಕೆಡುವುದು ಫ್ರೇಮಿನ ತಿರುಪುಗಣ್ಣು, ಬರಿಯ ತಿರುಪಲ್ಲ. ಹಿಂದಿನ ಗೇರಿನಲ್ಲಿ ಸರಪಳಿ ದೊಡ್ಡ ಚಕ್ರಕ್ಕೆ ಏರಲು ತಡವರಿಸಿದರೆ ಕಾಲು ಸುತ್ತು ಹೊರಕ್ಕೆ, ಚಿಕ್ಕ ಚಕ್ರಕ್ಕೆ ಇಳಿಯಲು ತಡವರಿಸಿದರೆ ಕಾಲು ಸುತ್ತು ಒಳಕ್ಕೆ. ಗೇರಿನ ಕವಚವನ್ನು ಮಾತ್ರ ಬ್ರೇಕಿಗೆ ಎಂದೂ ಬಳಸದಿರಿ; ಅದರ ಎಳೆಗಳು ಉದ್ದಕ್ಕೆ ಮಲಗಿರುವುದರಿಂದ ಬ್ರೇಕಿನ ಒತ್ತಡಕ್ಕೆ ಸಿಡಿದು ಬಿಚ್ಚಿಕೊಳ್ಳಬಹುದು.

ನಾಲ್ಕನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲಕ್ಕೂ ಬೇರು ಅದೇ. ಕೈಗೆ ಎಣ್ಣೆ ಮೆತ್ತಿಕೊಳ್ಳುವುದು ಕೀಳು, ಓದಿದ ಮಗು ಅದರಿಂದ ದೂರವಿರಬೇಕು ಎಂಬ ಭಾವನೆ ಅದು. ಈ ಭಾವನೆ ಬೇರೆಲ್ಲಿಯಾದರೂ ಇರಲಿ, ಕೆಂಭಾವಿಯಲ್ಲಿ ಇರಬಾರದು. ಹರಿಹರ ಕವಿ ರಗಳೆ ಬರೆದ ಭೋಗಣ್ಣ ಈ ಊರಿನವನು. ಕೀಳೆಂದು ಊರು ದೂರವಿಟ್ಟವರನ್ನು ಮನೆಯೊಳಗೆ ಕರೆದು ಸತ್ಕರಿಸಿದ್ದಕ್ಕೆ ಊರವರು ಅವನನ್ನು ಹೊರಹಾಕಿದರೆಂದೂ, ಆಗ ಊರಿನ ಲಿಂಗಗಳೆಲ್ಲ ಅವನ ಹಿಂದೆಯೇ ಹೊರಟವೆಂದೂ ಐತಿಹ್ಯ ಹೇಳುತ್ತದೆ. ಮೇಲು ಕೀಳಿನ ಲೆಕ್ಕ ಹಾಕಿದ ಊರಿಗೆ ದೇವರೂ ಉಳಿಯಲಿಲ್ಲ ಎಂಬುದು ಅದರ ತಾತ್ಪರ್ಯ. ಅಂತಹ ಊರಿನಲ್ಲಿ ಹುಟ್ಟಿ, ದುಡಿಯುವ ಕೈಯನ್ನು ಕೀಳೆಂದು ಮಕ್ಕಳಿಗೆ ಕಲಿಸುವುದು ನಮಗೆ ಶೋಭೆಯೇ?

ನಾನು ಕೇಳುವುದು ಹೆಚ್ಚಿನದೇನಲ್ಲ. ಸೈಕಲ್ಲಿನಲ್ಲಿ ಶಾಲೆಗೆ ಬರುವ ಪ್ರತಿ ಮಗುವೂ, ಅದರಲ್ಲಿಯೂ ಪ್ರತಿ ಹುಡುಗಿಯೂ, ಎಂಟನೆಯ ತರಗತಿ ಮುಗಿಯುವುದರೊಳಗೆ ತನ್ನ ಬ್ರೇಕನ್ನು ತಾನೇ ಬಿಗಿ ಮಾಡಿಕೊಳ್ಳಲು ಕಲಿತಿರಬೇಕು. ವರ್ಷದಲ್ಲಿ ಎರಡು ಅವಧಿ, ಒಂದು ಪಾನಾ, ಒಂದು ಬಾಟಲಿ ಎಣ್ಣೆ ಸಾಕು. ಸೈಕಲ್ ಅಂಗಡಿಯವನನ್ನೇ ಗೌರವದಿಂದ ಕರೆದು ಕಲಿಸಲು ಹೇಳಿದರೆ ಇನ್ನೂ ಚೆನ್ನು. ನಿಮ್ಮಲ್ಲಿ ಶಿಕ್ಷಕರಾಗಿರುವವರು, ಶಾಲಾಭಿವೃದ್ಧಿ ಸಮಿತಿಗಳಲ್ಲಿರುವವರು ಹಲವರಿದ್ದೀರಿ. ಆದೇಶ ಬರಲೆಂದು ಕಾಯಬೇಡಿರಿ. ಇದಕ್ಕೆ ಆದೇಶ ಬೇಕಿಲ್ಲ. ಉಳಿದವರು ಬರುವ ಭಾನುವಾರ ಮನೆಯ ಮಗುವನ್ನು ಸೈಕಲ್ಲಿನ ಮುಂದೆ ಕೂರಿಸಿಕೊಳ್ಳಿರಿ. ತಿರುಗಿಸಲು ಹೇಳಿರಿ, ನೀವು ತಿರುಗಿಸಬೇಡಿರಿ.