ಛತ್ರದ ಸದ್ದಿಗೆ ಪರವಾನಗಿ ಕೊಡುವಾಗಲೇ ಕಡಿವಾಣ ಬೀಳಲಿ



ಲಗ್ನದ ದಿನಗಳು ಬಂದವೆಂದರೆ ನಮ್ಮ ಬಡಾವಣೆಗಳಲ್ಲಿ ನಿದ್ದೆ ಕೆಟ್ಟಿತೆಂದೇ ಲೆಕ್ಕ. ಮನೆಗಳ ಸಾಲಿನ ನಡುವೆಯೇ ಛತ್ರಗಳು ಎದ್ದಿವೆ. ಮುಹೂರ್ತದ ಹಿಂದಿನ ರಾತ್ರಿ ಆರತಕ್ಷತೆ, ಅದಕ್ಕೊಂದು ಆರ್ಕೆಸ್ಟ್ರಾ, ಈಚೆಗೆ ಅದೂ ಸಾಲದೆ ಡಿಜೆ. ಬೆಳಗಿನ ಓಲಗದ ಬಗ್ಗೆ ಯಾರದೂ ತಕರಾರಿಲ್ಲ. ಹೈರಾಣ ಮಾಡುತ್ತಿರುವುದು ಈ ಬಾಸ್ ಸ್ಪೀಕರುಗಳು. ಕಿಟಕಿ ಮುಚ್ಚಿದರೆ ಹಾಡು ಕೇಳಿಸದು, ಗುದ್ದು ಮಾತ್ರ ಗೋಡೆ ದಾಟಿ ಬರುತ್ತದೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಅದುರಿ ಒಂದಕ್ಕೊಂದು ತಾಗುತ್ತವೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಓದುವ ಮಕ್ಕಳು ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತಾರೆ.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಛತ್ರದವರು ಹಿಡಿದುಕೊಂಡಿರುವುದು ಇದರಲ್ಲಿನ ಒಂದು ವಿನಾಯಿತಿಯನ್ನು: ಮುಚ್ಚಿದ ಸಭಾಂಗಣದೊಳಗೆ ಬಳಸಬಹುದು ಎಂಬುದನ್ನು. ಅದು ಒಳಗಿದ್ದವರಿಗೆ ಕೇಳಿಸಲೆಂದು ಕೊಟ್ಟ ವಿನಾಯಿತಿ. ಕಿಟಕಿ ಬಾಗಿಲೆಲ್ಲ ತೆರೆದು, ಮೇಲೆ ತಗಡು ಹೊದಿಸಿದ ಹಾಲ್ ಮುಚ್ಚಿದ ಸಭಾಂಗಣ ಹೇಗಾದೀತು? ಖಾಸಗಿ ಜಾಗದ ಗಡಿಯಲ್ಲಿ ಸದ್ದು ಆ ಪ್ರದೇಶದ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು ಎಂದೂ ಅದೇ ನಿಯಮಗಳು ಹೇಳುತ್ತವೆ. ಅಂದರೆ ವಸತಿ ಬಡಾವಣೆಯ ಛತ್ರದ ಕಾಂಪೌಂಡಿನ ಬಳಿ ರಾತ್ರಿ 50. ಇಬ್ಬರು ಎದುರುಬದುರು ಕೂತು ಮಾತಾಡಿದರೇ 60ರ ಆಸುಪಾಸು ಆಗುತ್ತದೆ!

112ಕ್ಕೆ ಫೋನ್ ಮಾಡಿದರೆ ಪೊಲೀಸರು ಬರುತ್ತಾರೆ, ಸದ್ದು ಇಳಿಯುತ್ತದೆ. ಜೀಪು ತಿರುವು ದಾಟಿದ ಮೇಲೆ ಮತ್ತೆ ಏರುತ್ತದೆ. ಮದುವೆ ಮನೆಯವರನ್ನು ಬೀಟ್ ಪೊಲೀಸರು ತಾನೇ ಎಷ್ಟು ಗದರಿಯಾರು? ದೂರು ಕೊಟ್ಟವರು ಬೀದಿಗೆಲ್ಲ ಕೆಟ್ಟವರಾಗುತ್ತಾರೆ. ಬೇಡದ ಸದ್ದಿನಿಂದ ಮುಕ್ತವಾಗಿ ಬದುಕುವುದು ಸಂವಿಧಾನದ 21ನೇ ವಿಧಿಯ ಹಕ್ಕು ಎಂದು 2005ರಲ್ಲೇ ಸುಪ್ರೀಂ ಕೋರ್ಟ್ ಹೇಳಿರುವಾಗ, ಆ ಹಕ್ಕನ್ನು ನಡುರಾತ್ರಿ ನೆರೆಯವರ ಜತೆ ಜಗಳವಾಡಿ ಪಡೆಯಬೇಕೆ?

ಹೊಣೆ ಛತ್ರದ ಮಾಲೀಕರದಾಗಬೇಕು, ಅದೂ ಪರವಾನಗಿ ಕೊಡುವ ಹಂತದಲ್ಲೇ. ಸದ್ದು ತಡೆಯುವ ಗೋಡೆ, ಛಾವಣಿ ಇಲ್ಲದ ಕಟ್ಟಡಕ್ಕೆ ರಾತ್ರಿ ಧ್ವನಿವರ್ಧಕದ ಅನುಮತಿಯೇ ಬೇಡ. ಕಾಂಪೌಂಡಿನಲ್ಲಿ ಡೆಸಿಬಲ್ ಮಾಪಕ ಇರಲಿ, ಅದರ ದಾಖಲೆ ನೋಡಿದ ಮೇಲೆಯೇ ಪಾಲಿಕೆ, ಪುರಸಭೆಗಳು ಪರವಾನಗಿ ನವೀಕರಿಸಲಿ. ರಾತ್ರಿ 10ಕ್ಕೆ ಸದ್ದು ಬಂದ್ ಎಂಬ ಷರತ್ತು ಬುಕಿಂಗ್ ರಸೀದಿಯಲ್ಲೇ ಅಚ್ಚಾಗಲಿ. ಮದುವೆ ಮಾಡುವವರು ಅದನ್ನು ಆರ್ಕೆಸ್ಟ್ರಾದವರಿಗೆ ಮುಂಗಡ ಕೊಡುವಾಗಲೇ ಹೇಳಿಬಿಡುತ್ತಾರೆ.

— ಓದುಗ, ತುಮಕೂರು