ಗಾಡಿ ಮೇಲೆ ಗಾಡಿ

ಮನೆ ಶಿಫ್ಟಿಂಗ್ ಅಂದ ಕೂಡಲೇ ನಾವು ಟಿವಿಗೆ ಬಬಲ್ ರ‍್ಯಾಪ್ ಸುತ್ತುತ್ತೇವೆ, ಗಾಜಿನ ಲೋಟಗಳಿಗೆ ಹಳೇ ಪೇಪರ್ ತುಂಬುತ್ತೇವೆ. ಬೈಕ್ ವಿಷಯ ಬಂದಾಗ ಮಾತ್ರ "ಕೊನೆಗೆ ಹಾಕಿ ಹಗ್ಗ ಬಿಗಿದ್ರಾಯ್ತು" ಅಂತ ಬಿಟ್ಟುಬಿಡುತ್ತೇವೆ. ನೂರು ಕಿಲೋಗಿಂತ ಜಾಸ್ತಿ ತೂಕದ, ಎರಡೇ ಚಕ್ರದ, ಪೆಟ್ರೋಲ್ ತುಂಬಿದ ವಸ್ತು ಅದು. ಬಿದ್ದರೆ ಪಕ್ಕದ ಫ್ರಿಜ್‌ಗೂ ಉಳಿಗಾಲವಿಲ್ಲ.

ಕಳೆದ ತಿಂಗಳು ಬೆಂಗಳೂರಿಂದ ಹುಬ್ಬಳ್ಳಿಗೆ ನಾನು ಸಾಗಿಸಿದ್ದು ಅಪ್ಪನ ಹಳೇ ಸ್ಪ್ಲೆಂಡರ್. ಮಾರಿದರೆ ಹೆಚ್ಚು ದುಡ್ಡು ಬರಲ್ಲ, ಆದರೆ ನಾನು ಗಾಡಿ ಕಲಿತದ್ದು ಅದರಲ್ಲೇ. ಬಾಡಿಗೆಗೆ ಬಂದಿದ್ದು ಟಾಟಾ ಏಸ್, ಅದೇ ನಮ್ಮ ಛೋಟಾ ಹಾಥಿ. ಅದರ ಹಿಂಭಾಗದ ಉದ್ದ ಸುಮಾರು ಏಳು ಅಡಿ; ಬೈಕ್ ಉದ್ದಕ್ಕೆ ನೇರವಾಗಿ ನಿಲ್ಲುತ್ತೆ, ಆದರೆ ಅಷ್ಟೇ. ಹಾಗಾಗಿ ಮೊದಲು ಹತ್ತಬೇಕಾದದ್ದು ಬೈಕೇ. ಕೊನೆಗೆ ಹತ್ತಿಸಿದರೆ ಜಾಗ ಸಾಲದೆ ಅಡ್ಡ ಮಲಗಿಸುವ ಯೋಚನೆ ಶುರುವಾಗುತ್ತೆ.

ಹತ್ತಿಸೋದಕ್ಕೆ ಹಲಗೆ ಎಷ್ಟು ಉದ್ದವಿದ್ದರೆ ಅಷ್ಟು ಒಳ್ಳೇದು, ಏರು ಕಡಿಮೆ ಆಗುತ್ತೆ. ಇನ್ನೂ ಸುಲಭದ ದಾರಿ ಅಂದರೆ, ಎತ್ತರದ ಕಟ್ಟೆಗೋ ಫುಟ್‌ಪಾತಿಗೋ ಗಾಡಿಯನ್ನು ರಿವರ್ಸ್ ತಂದು ನಿಲ್ಲಿಸೋದು. ಎಂಜಿನ್ ಸ್ಟಾರ್ಟ್ ಮಾಡಿ ಹತ್ತಿಸುವ ಹೀರೋಗಿರಿ ಬೇಡ. ಫಸ್ಟ್ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಹಿಂದೆ ಇಬ್ಬರು ತಳ್ಳಲಿ. ಜಾರಿತು ಅನಿಸಿದರೆ ಕ್ಲಚ್ ಬಿಟ್ಟರೆ ಸಾಕು, ಹಿಂದಿನ ಚಕ್ರ ಹಿಡಿದು ನಿಲ್ಲುತ್ತೆ.

ಮೇಲೆ ಹತ್ತಿದ ಮೇಲೆ ಮುಂದಿನ ಚಕ್ರ ಕ್ಯಾಬಿನ್ ಗೋಡೆಗೆ ತಾಗಿರಲಿ, ಗೇರಿನಲ್ಲೇ ಇರಲಿ. ಎಲ್ಲರೂ ತಪ್ಪೋದು ಇನ್ನು ಮುಂದೆ: ಸೈಡ್ ಸ್ಟ್ಯಾಂಡ್ ಹಾಕಿ ಹಗ್ಗ ಬಿಗಿಯುತ್ತಾರೆ. ಪ್ರತಿ ಹಂಪಿಗೂ ಪೂರ್ತಿ ಭಾರ ಆ ಒಂದು ಕಡ್ಡಿ ಮೇಲೆ ಬಿದ್ದು ಅದು ಬಾಗುತ್ತೆ. ಸ್ಟ್ಯಾಂಡ್ ಎತ್ತಿಬಿಡಿ. ಬೈಕ್ ತನ್ನೆರಡು ಚಕ್ರದ ಮೇಲೇ ನೆಟ್ಟಗೆ ನಿಲ್ಲಬೇಕು, ನಾಲ್ಕು ದಿಕ್ಕಿಗೂ ಬೆಲ್ಟ್ ಎಳೆದಿರಬೇಕು. ಮುಂದಿನ ಎರಡನ್ನು ಹ್ಯಾಂಡಲ್ ಗ್ರಿಪ್ಪಿಗೆ ಕಟ್ಟಬೇಡಿ, ಜಾರುತ್ತೆ; ಫೋರ್ಕಿನ ಗಟ್ಟಿ ಭಾಗಕ್ಕೆ ಕಟ್ಟಿ, ಮುಂದಕ್ಕೂ ಕೆಳಕ್ಕೂ ಎಳೆಯಿರಿ. ಶಾಕ್ ಅಬ್ಸಾರ್ಬರ್ ಅರ್ಧ ಕುಗ್ಗಿದರೆ ಸಾಕು. ಪೂರ್ತಿ ಅದುಮಿದರೆ ಆಯಿಲ್ ಸೀಲ್ ಸೋರಬಹುದು. ಹಿಂದಿನ ಎರಡು ಚಾಸಿಗೆ. ಬೆಲ್ಟ್ ಉಜ್ಜುವ ಕಡೆಯೆಲ್ಲ ಹಳೇ ಟವೆಲ್ ಇಡಿ. ರ‍್ಯಾಚೆಟ್ ಬೆಲ್ಟ್ ಸಿಕ್ಕರೆ ಉತ್ತಮ. ನೈಲಾನ್ ಹಗ್ಗ ಹಿಗ್ಗುತ್ತೆ.

ಇದೆಲ್ಲ ಹೇಳುವಾಗ ಡ್ರೈವರ್ ಅಣ್ಣ, "ಏನೂ ಆಗಲ್ಲ ಮೇಡಂ, ನಮ್ ಹುಡುಗ ಹಿಂದೆ ಹಿಡ್ಕೊಂಡು ಕೂರ್ತಾನೆ" ಅಂದ. ಹುಡುಗನೂ ತಯಾರಾಗೇ ಇದ್ದ. ಫೋನಿನಲ್ಲಿ ಅಪ್ಪ ಅದನ್ನು ಕೇಳಿಸಿಕೊಂಡು, "ಗಾಡಿ ಬಿದ್ರ ಬೀಳ್ಲಿ, ಆ ಹುಡುಗನ್ನ ಹಿಂದ ಕೂಡ್ರಿಸಬ್ಯಾಡ ನೋಡವ್ವ" ಅಂದರು. ಬ್ರೇಕ್ ಹೊಡೆದಾಗ ಬೈಕ್ ವಾಲಿದರೆ ಅದನ್ನು ಯಾವ ಕೈಯೂ ತಡೆಯಲ್ಲ, ಅವನೇ ಅಡಿಗೆ ಸಿಕ್ಕಿಹಾಕ್ಕೊಳ್ತಾನೆ. ಹುಡುಗ ಮುಂದೆ ಕೂತ. ನನ್ನ ಹಾಸಿಗೆಯನ್ನು ಮಡಿಚಿ ಬೈಕಿಗೂ ಬೀರುವಿಗೂ ಮಧ್ಯೆ ತುರುಕಿದೆವು. ಗ್ಯಾಸ್ ಸಿಲಿಂಡರ್ ಆ ಗಾಡಿಗೆ ಹತ್ತಲೇ ಇಲ್ಲ. ಟ್ಯಾಂಕಿನಲ್ಲಿ ತಳಕ್ಕೆ ಮಾತ್ರ ಪೆಟ್ರೋಲ್, ಕಾಕ್ ಬಂದ್.

ನೆಲಮಂಗಲ ದಾಟಿದ ಮೇಲೆ ನಿಲ್ಲಿಸಿ ನೋಡಿದಾಗ ಎಡಗಡೆಯ ಬೆಲ್ಟ್ ಎರಡು ಬೆರಳಷ್ಟು ಸಡಿಲವಾಗಿತ್ತು. ಅದು ಸಹಜ, ಮೊದಲ ಇಪ್ಪತ್ತು ಮೂವತ್ತು ಕಿಲೋಮೀಟರಿನಲ್ಲೇ ಎಲ್ಲವೂ ಕೂತುಕೊಳ್ಳೋದು. ಬಿಗಿದೆವು. ಆಮೇಲೆ ಹಿರಿಯೂರಿನ ಟೀ, ದಾವಣಗೆರೆಯ ಊಟ, ಎರಡು ಕಡೆಯೂ ಒಮ್ಮೆ ಅಲುಗಾಡಿಸಿ ನೋಡಿದೆ.

ಹೊರಡೋ ಮುಂಚೆ ಇನ್ಶೂರೆನ್ಸ್ ಪಾಲಿಸಿಯನ್ನೂ ತೆರೆದು ಓದಿ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ರಸ್ತೆ, ರೈಲಿನ ಮೂಲಕ ಸಾಗಿಸುವಾಗ ಆಗುವ ಹಾನಿಯೂ ಸಾಮಾನ್ಯವಾಗಿ ಸೇರಿರುತ್ತೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಸಿಗಲ್ಲ. ನಾಲ್ಕೂ ಕಡೆಯ ಫೋಟೋ, ಓಡೋಮೀಟರಿನದೂ ಒಂದು, ಆರ್‌ಸಿ ಕಾಪಿ ಇಟ್ಕೊಳ್ಳಿ. ಬೇರೆ ರಾಜ್ಯಕ್ಕೆ ಹೋಗಿ 12 ತಿಂಗಳಿಗಿಂತ ಹೆಚ್ಚು ಇರೋದಾದರೆ ಅಲ್ಲಿ ಮರುನೋಂದಣಿ ಬೇಕು, ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಗೊಂಡೇ ಹೊರಡಿ.

ಇಳಿಸುವಾಗ ಹಿಂಬದಿಯಿಂದ ಇಳಿಯುತ್ತೆ, ಭಾರವೆಲ್ಲ ಹಿಂಚಕ್ರದ ಮೇಲೆ. ಮುಂದಿನ ಬ್ರೇಕ್ ಹಿಡಿದರೆ ಚಕ್ರ ಹಲಗೆ ಮೇಲೆ ಜಾರುತ್ತೆ. ಇಲ್ಲೂ ಫಸ್ಟ್ ಗೇರ್, ಕ್ಲಚ್. ಕೆಳಗಿನಿಂದ ತಡೆಯೋರು ಗಾಡಿಯ ಅಕ್ಕಪಕ್ಕ ನಿಲ್ಲಲಿ, ನೇರ ಹಿಂದೆ ಬೇಡ. ಹುಬ್ಬಳ್ಳಿಯಲ್ಲಿ ಎಡಗಡೆ ಹಿಡಿದಿದ್ದು ಅಪ್ಪ. ಕಾಕ್ ತೆಗೆದು, ಚೋಕ್ ಎಳೆದು ಮೂರನೇ ಕಿಕ್ಕಿಗೆ ಸ್ಟಾರ್ಟ್ ಮಾಡಿ, ನನ್ನನ್ನು ಬಿಟ್ಟು ಪೆಟ್ರೋಲ್ ಹಾಕಿಸಲು ಹೋಗಿಯೇಬಿಟ್ಟರು.