ಬೆಳಕೂ ರೇಣುವೂ

ನಮ್ಮ ಹಳೆಯ ಶಿಷ್ಯನೊಬ್ಬನಿಂದ ಈ ತಿಂಗಳು ಒಂದು ಕಾಗದ ಬಂದಿತು. ಅವನ ತಾಯಿಗೆ ಮಿದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆಯಿರುವುದಾಗಿ ವೈದ್ಯರು ನಿರ್ಣಯಿಸಿರುವರು. "ಚಿನ್ನದ ಕಣಗಳಿಂದಲೂ ಬೆಳಕಿನಿಂದಲೂ ಇದು ಗುಣವಾಗುವುದೆಂದು ಓದಿದೆ, ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಿ ಅದಕ್ಕಾಗಿ ಕಾಯಬಹುದೆ, ಗುರುಗಳೆ?" ಎಂಬುದು ಅವನ ಪ್ರಶ್ನೆ. ನಾವು ವೈದ್ಯರಲ್ಲ, ಆದರೂ ಇಂತಹ ಸಂಕಟ ಬೇರೆ ಮನೆಗಳಿಗೂ ಬರಬಹುದಾದ ಕಾರಣ, ಓದಿ ಗ್ರಹಿಸಿದಷ್ಟನ್ನು ವಾಚಕರಲ್ಲಿ ನಿವೇದಿಸುತ್ತೇವೆ.

ಮಿದುಳಿನ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವುವು. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಎಂಬ ವಿದ್ವಾಂಸರು ಪ್ರಾಣಿಗಳ ರಕ್ತದಲ್ಲಿ ಬಣ್ಣವನ್ನು ಸೇರಿಸಿದಾಗ, ಇತರ ಅವಯವಗಳು ಬಣ್ಣವೇರಿ ಮಿದುಳು ಮಾತ್ರ ಹಾಗೆಯೇ ಉಳಿಯಿತು. ವಿಷವನ್ನು ತಡೆಯುವ ಈ ಕಾವಲು ಮದ್ದನ್ನೂ ತಡೆಯುವುದು. ಮೇಲಾಗಿ ಈ ಗಡ್ಡೆಯು ಅರಳಿಯ ಬೇರಿನಂತೆ ಸುತ್ತಣ ಮಿದುಳಿನೊಳಕ್ಕೆ ಹರಡುವುದರಿಂದ ಕತ್ತಿಗೆ ಪೂರ್ತಿಯಾಗಿ ಸಿಕ್ಕದು.

ಗವಾಕ್ಷಿಯ ಬಿಸಿಲಕೋಲಿನಲ್ಲಿ ತೇಲುವ ಧೂಳಿನ ಕಣವನ್ನು ಪೂರ್ವಿಕರು ತ್ರಸರೇಣುವೆಂದು ಕರೆದು, ತೂಕಗಳಲ್ಲಿ ಮೊದಲನೆಯದೆಂದು ಎಣಿಸಿದರು. ಈಗಿನ ನ್ಯಾನೋಕಣ ಅದಕ್ಕಿಂತಲೂ ಬಹಳ ಕಿರಿದು. ಮೀಟರಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೋಮೀಟರ್. ಈ ಕಣಗಳು ಸಾಮಾನ್ಯವಾಗಿ ಅಂತಹ 100ರ ಒಳಗಿನ ಅಳತೆಯವು. ಇವುಗಳಲ್ಲಿ ಔಷಧವನ್ನು ತುಂಬಿ, ಮಿದುಳಿನ ಕಾವಲು ಒಳಗೆ ಬಿಡುವ ಟ್ರಾನ್ಸ್‌ಫೆರಿನ್ ಮೊದಲಾದ ಪ್ರೋಟೀನನ್ನು ಮೇಲೆ ಅಂಟಿಸುವರು. ಬಳಿಕ ಗಡ್ಡೆಯ ಮೇಲೆ ಬೆಳಕು ಬಿದ್ದರೆ, ಚಿನ್ನದ ಕಣವು ಅದನ್ನು ಹೀರಿ ಕಾದು ಸುತ್ತಲಿನ ಕೋಶಗಳನ್ನು ಸುಡುವುದು; ಬೆಳಕಿಗೆ ಎಚ್ಚರುವ ಔಷಧವಾದರೆ ಆಮ್ಲಜನಕವನ್ನು ಕೆರಳಿಸಿ ಅವುಗಳನ್ನು ಕೊಲ್ಲುವುದು.

ಉಪಾಯವೇನೋ ಸೊಗಸಾದುದೇ. ಆದರೆ ಕತ್ತಲೆಯಲ್ಲಿ ಟಾರ್ಚಿನ ಮೇಲೆ ಅಂಗೈಯಿಟ್ಟು ನೋಡಿರಿ: ಬೆರಳಂಚು ಕೆಂಪಾಗಿ ಹೊಳೆಯುವುದು, ಅಂಗೈಯ ನಡುವೆ ಮಸಕು. ಕೈಯಲ್ಲಿಯೇ ಹೀಗಾದರೆ ತಲೆಬುರುಡೆಯನ್ನು ದಾಟಿ ಆಳಕ್ಕಿಳಿಯುವ ಬೆಳಕೆಷ್ಟು? ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಸಣ್ಣ ಎಳೆಯ ಮೂಲಕ ಅದನ್ನು ಒಳಗೆ ಒಯ್ಯಬೇಕಾಗುವುದು. ಕಣಗಳಲ್ಲಿಯೂ ಹೆಚ್ಚಿನವು ಯಕೃತ್ತು ಪ್ಲೀಹಗಳಲ್ಲಿಯೇ ಸಿಕ್ಕಿಕೊಳ್ಳುವುವು. ಆದಕಾರಣ ಕಣವೂ ಬೆಳಕೂ ಕೂಡಿದ ಮಿದುಳಿನ ಈ ಚಿಕಿತ್ಸೆಯು ಬಹುಮಟ್ಟಿಗೆ ಇಲಿಗಳ ಮೇಲಣ ಪ್ರಯೋಗಗಳಲ್ಲಿಯೇ ಇದೆ. ಅಂಗಡಿಯ ಸ್ವರ್ಣಭಸ್ಮವನ್ನು ಇದೇ ಮದ್ದೆಂದು ಯಾರಾದರೂ ಹೇಳಿದರೆ ನಂಬಲಾಗದು.

ಹಾಗಾದರೆ ಬೆಳಕಿನಿಂದ ಈಗ ಉಪಕಾರವಿಲ್ಲವೆ? ಉಂಟು. ಶಸ್ತ್ರಚಿಕಿತ್ಸೆಗೆ ಮುಂಚೆ ಅಮಿನೋಲೆವುಲಿನಿಕ್ ಆಮ್ಲವನ್ನು ಕುಡಿಸಿದರೆ, ನೀಲಿ ಬೆಳಕಿನಲ್ಲಿ ಗಡ್ಡೆಯು ಕೆಂಪಾಗಿ ತೋರುವುದು. ಜರ್ಮನಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸ್ಕ್ಯಾನಿಗೆ ಕಾಣುವ ಗಡ್ಡೆಯನ್ನು ಸಂಪೂರ್ಣವಾಗಿ ತೆಗೆಯಲು ಸಾಧ್ಯವಾದುದು ಸಾಮಾನ್ಯ ಬೆಳಕಿನಲ್ಲಿ ನೂರಕ್ಕೆ 36 ಮಂದಿಗೆ, ಈ ಉಪಾಯದಿಂದ 65 ಮಂದಿಗೆ. ವಿಕಿರಣದೊಡನೆ ಟೆಮೊಜೊಲೊಮೈಡ್ ಎಂಬ ಗುಳಿಗೆಯನ್ನು ಕೊಟ್ಟಾಗ ಎರಡು ವರ್ಷ ಬದುಕಿದವರು ನೂರಕ್ಕೆ 10ರಿಂದ 26ಕ್ಕೆ ಏರಿದರೆಂದು 2005ರ ಪರೀಕ್ಷೆ ತಿಳಿಸಿತು. ಇವು ಸಣ್ಣ ಸಂಖ್ಯೆಗಳು; ಆದರೆ ಮನುಷ್ಯರಲ್ಲಿ ಕಂಡ ಸಂಖ್ಯೆಗಳು.

ಶಿಷ್ಯನಿಗೆ ಹೀಗೆ ಬರೆದೆವು: "ಕಾಯಬೇಡ, ಮಗು. ಇಂದು ದೊರೆಯುವ ಚಿಕಿತ್ಸೆಯನ್ನು ಮಾಡಿಸು. ಹೊಸ ಪರೀಕ್ಷೆಗಳಲ್ಲಿ ತಾಯಿಯನ್ನು ಸೇರಿಸಬಹುದೇ ಎಂದು ವೈದ್ಯರನ್ನೇ ಕೇಳು. ರಜೆ ಪಡೆದು ಅವರ ಬಳಿ ಕುಳಿತಿರು. ಆ ಕಾಲ ಮರಳಿ ದೊರೆಯದು."